ಕುಣಿಯುವ ಯಂತ್ರವೂ ಡೊಂಕು ನೆಲವೂ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಎಷ್ಟೋ ಸಲ ಇನ್ನೊಬ್ಬರ ಮೇಲೆ ಪ್ರಯೋಗಿಸಿದ್ದೇವೆ. ಈ ಗಾದೆ ಸುಳ್ಳಾಗುವ ಒಂದು ಜಾಗ ಇಂದು ನಗರದ ಎಷ್ಟೋ ಮನೆಗಳಲ್ಲಿ ಉಂಟು. ಅಡಿಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ, ಬಟ್ಟೆ ಒಗೆಯುವ ಯಂತ್ರವನ್ನು ನಿಲ್ಲಿಸಿರುತ್ತಾರಲ್ಲ, ಅಲ್ಲಿ. ಅಲ್ಲಿ ಕುಣಿಯುವುದು ಯಂತ್ರ. ನೆಲವೋ, ನಿಜವಾಗಿಯೇ ಡೊಂಕು. ನೀರು ಮೋರಿಗೆ ಹರಿದುಹೋಗಲೆಂದು ಗಾರೆಯವನು ಬೇಕೆಂದೇ ಇಳಿಜಾರು ಕೊಟ್ಟ ನೆಲ ಅದು. ನಾಲ್ಕು ಕಾಲಿನ ಯಂತ್ರ ಅದರ ಮೇಲೆ ಮೂರು ಕಾಲೂರಿ ನಿಂತು, ಬಟ್ಟೆ ಹಿಂಡುವ ಹೊತ್ತಿಗೆ ಮೈಮೇಲೆ ದೇವರು ಬಂದಂತೆ ಕುಣಿಯುತ್ತದೆ. ನಾವೇನು ಮಾಡುತ್ತೇವೆ? ನೆಲವನ್ನು ನೋಡುವುದಿಲ್ಲ, ಕಾಲನ್ನು ನೋಡುವುದಿಲ್ಲ. "ಹಳೆಯದಾಯಿತು, ಇದರ ಕಾಲ ಮುಗಿಯಿತು" ಎಂದು ತೀರ್ಪು ಕೊಟ್ಟು, ಹೊಸದಕ್ಕೆ ಕಂತು ಕಟ್ಟಲು ಹೊರಡುತ್ತೇವೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಯಂತ್ರ ಅದುರುತ್ತಿದೆ ಎಂದರೆ ಎಲ್ಲಿಯೋ ತೂಕ ತಪ್ಪಿದೆ, ನೋಡಿ ಎಂದು ಅದು ನಮಗೆ ಹೇಳುತ್ತಿದೆ ಎಂದರ್ಥ. ಹಾಗೆ ತೂಕ ತಪ್ಪಲು ಕಾರಣಗಳು ಐದೋ ಆರೋ. ಅವುಗಳಲ್ಲಿ ಹೆಚ್ಚಿನವು ಮನೆಯವರ ಕೈಗೆ ಎಟಕುವಂಥವು. ಅವನ್ನು ಒಂದೊಂದಾಗಿ ನೋಡುವ ತಾಳ್ಮೆಯಿಲ್ಲದೆ, ಇಪ್ಪತ್ತೈದು ವರ್ಷ ನಮ್ಮ ಕೊಳೆ ತೊಳೆದ ಯಂತ್ರವನ್ನು ಗುಜರಿಗೆ ಹಾಕುವುದನ್ನು ಈಗ ಪ್ರಗತಿ ಎಂದು ಕರೆಯುತ್ತಾರೆ. ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಹೆಸರು ಹಿಂದೆಂದೂ ಸಿಕ್ಕಿರಲಿಲ್ಲ.

ಮೊದಲು ಈ ಅದುರಾಟವೆಂದರೇನೆಂಬುದನ್ನು ತಿಳಿಯೋಣ. ಹುಡುಗರು ಆಡುವ ಬುಗುರಿಯನ್ನು ನೋಡಿದ್ದೀರಿ. ಮೊಳೆ ನಟ್ಟನಡುವೆ ಕೂತಿದ್ದರೆ ಬುಗುರಿ ನಿದ್ದೆ ಹೋದಂತೆ ನಿಂತಲ್ಲೇ ತಿರುಗುತ್ತದೆ. ಮೊಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಕುಡುಕನಂತೆ ತೂರಾಡುತ್ತದೆ. ಒಗೆಯುವ ಯಂತ್ರದ ಟಬ್ಬು ಒಂದು ದೊಡ್ಡ ಬುಗುರಿ. ಅದರೊಳಗೆ ಒಂದು ಕಿಲೋ ತೂಕದ ಒದ್ದೆ ಬಟ್ಟೆ ಮುದ್ದೆಯಾಗಿ ಒಂದೇ ಕಡೆಗೆ, ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿ ಕೂತಿದೆ ಎನ್ನಿ. ಟಬ್ಬು ನಿಮಿಷಕ್ಕೆ 700 ಸುತ್ತು ತಿರುಗುವಾಗ ಆ ಒಂದು ಕಿಲೋ ಮುದ್ದೆ ಟಬ್ಬನ್ನು ಎಳೆಯುವ ಬಲ ಸುಮಾರು 110 ಕಿಲೋ ತೂಕಕ್ಕೆ ಸಮ. ಈ ಎಳೆತ ಸೆಕೆಂಡಿಗೆ ಸುಮಾರು 12 ಸಲ ದಿಕ್ಕು ಬದಲಿಸುತ್ತ ಸುತ್ತುಹಾಕುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಇಬ್ಬರು ದಾಂಡಿಗರು ಯಂತ್ರವನ್ನು ಹಿಡಿದು ಜಗ್ಗಾಡಿದಂತೆ ಆಗುವುದರಲ್ಲಿ ಆಶ್ಚರ್ಯವೇನು? ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಈ ಲೆಕ್ಕ ಪ್ರೌಢಶಾಲೆಯ ಪಾಠವನ್ನು ಮೀರಿದ್ದಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಈ ಎಳೆತವನ್ನು ಮನುಷ್ಯ ಹೇಗೆ ಗೆದ್ದ ಎಂಬುದೂ ಸ್ವಾರಸ್ಯದ ಕಥೆ. ರ್ಯಾಂಕಿನ್ ಎಂಬ ದೊಡ್ಡ ಪಂಡಿತರು 1869ರಲ್ಲಿ, ತಿರುಗುವ ದಂಡಕ್ಕೆ ಒಂದು ವೇಗದ ಮಿತಿಯುಂಟು, ಅದನ್ನು ದಾಟಿ ಅದು ಸ್ಥಿರವಾಗಿ ತಿರುಗಲಾರದು ಎಂದು ಬರೆದರು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರವನ್ನು 1878ರಲ್ಲಿ ಮಾಡಿದ್ದ ಮನುಷ್ಯ. ಆತ 1880ರ ದಶಕದ ಕೊನೆಯಲ್ಲಿ ತನ್ನ ಉಗಿ ಚಕ್ರಕ್ಕೆ ಗಟ್ಟಿ ದಂಡದ ಬದಲು ತೆಳುವಾದ, ಬಾಗಬಲ್ಲ ದಂಡವನ್ನು ಹಾಕಿ, ಆ ಮಿತಿಯನ್ನು ದಾಟಿ ನಿಮಿಷಕ್ಕೆ 30,000 ಸುತ್ತಿನವರೆಗೆ ತಿರುಗಿಸಿ ತೋರಿಸಿದ. ಬಿಗಿಯಾಗಿ ಹಿಡಿದದ್ದು ನಡುಗುತ್ತದೆ. ಸ್ವಲ್ಪ ಸಡಿಲ ಬಿಟ್ಟದ್ದು ತನ್ನ ತೂಕದ ನಡುವನ್ನು ತಾನೇ ಹುಡುಕಿಕೊಳ್ಳುತ್ತದೆ. ಅದು ಹೇಗೆಂಬುದನ್ನು ಜೆಫ್ಕಾಟ್ ಎಂಬವರು ಶಾಸ್ತ್ರೀಯವಾಗಿ ವಿವರಿಸಿದ್ದು 1919ರಲ್ಲಿ. ಆಗದೆಂದು ಪಂಡಿತರು ಬರೆದದ್ದನ್ನು ಎಂಜಿನಿಯರು ಮಾಡಿ ಮುಗಿಸಿದ. ಶಾಸ್ತ್ರ ಆಮೇಲೆ ಬಂತು. "ಇದು ರಿಪೇರಿಯಾಗುವುದಿಲ್ಲ" ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ಒಗೆಯುವ ಯಂತ್ರಕ್ಕೂ ಈ ಬುದ್ಧಿ ಬರುವುದು ಕೊಂಚ ತಡವಾಯಿತು. ಅಮೆರಿಕದಲ್ಲಿ 1937ರಲ್ಲಿ ಬೆಂಡಿಕ್ಸ್ ಕಂಪನಿ ಹೊರತಂದ ಸ್ವಯಂಚಾಲಿತ ಯಂತ್ರವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು; ಇಲ್ಲವಾದರೆ ಅದು ಮನೆಯೆಲ್ಲ ಅಡ್ಡಾಡುತ್ತಿತ್ತು. ನಮ್ಮ ಮನೆಗಳಲ್ಲಿರುವ, ಮೇಲಿನಿಂದ ಬಟ್ಟೆ ತುಂಬುವ ಯಂತ್ರಗಳಲ್ಲಿ ಬೋಲ್ಟು ಬೇಕಿಲ್ಲ. ಅಲ್ಲಿ ಟಬ್ಬನ್ನು ಪೆಟ್ಟಿಗೆಯ ನಾಲ್ಕು ಮೂಲೆಗಳಿಂದ ನಾಲ್ಕು ಕಡ್ಡಿಗಳು ತೊಟ್ಟಿಲಿನಂತೆ ತೂಗುಹಾಕಿರುತ್ತವೆ. ಪ್ರತಿ ಕಡ್ಡಿಯ ಬುಡದಲ್ಲಿ ಒಂದು ಸ್ಪ್ರಿಂಗು; ಅದನ್ನು ಮುಚ್ಚಿ, ಗ್ರೀಸು ಸವರಿದ ಒಂದು ಬಟ್ಟಲು. ಸ್ಪ್ರಿಂಗು ಟಬ್ಬನ್ನು ಹೊರುತ್ತದೆ, ಬಟ್ಟಲು ಅದರ ತೂಗಾಟವನ್ನು ತಡೆಯುತ್ತದೆ. ಟಬ್ಬಿನ ಬಾಯಿಯ ಸುತ್ತ ಬಳೆಯಂಥ ಪೊಳ್ಳಾದ ಉಂಗುರ. ಅದರೊಳಗೆ ಅರೆವಾಸಿ ಉಪ್ಪುನೀರು. ವೇಗ ಏರಿದ ಮೇಲೆ ಆ ನೀರು ಬಟ್ಟೆಯ ಮುದ್ದೆಗೆ ಎದುರು ಬದಿಗೆ ಸರಿದು ತಕ್ಕಡಿ ಸರಿದೂಗಿಸುತ್ತದೆ. ಇಷ್ಟೇ ರಹಸ್ಯ. ಇದರಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ತೊಟ್ಟಿಲನ್ನೂ ತಕ್ಕಡಿಯನ್ನೂ ಬಲ್ಲವರೆಲ್ಲ ಇದನ್ನು ಬಲ್ಲರು.

ಈಗ ನನ್ನ ಮನೆಯ ವಿಷಯವನ್ನು ಹೇಳಬೇಕು. ನಮ್ಮ ಯಂತ್ರ 1998ರದು. ಕಳೆದ ವರ್ಷ ಅದು ಹಿಂಡುವ ಹೊತ್ತಿಗೆ ಪೆಟ್ಟಿಗೆಗೆ ಡಬಡಬನೆ ಬಡಿದು, ನಿಂತುಬಿಡಲು ಆರಂಭಿಸಿತು. ಕರೆ ಮಾಡಿದ ಮೇಲೆ ಸೇವಾಕೇಂದ್ರದಿಂದ ಒಬ್ಬ ತರುಣ ಬಂದ. ಮುಚ್ಚಳ ತೆರೆದು ನೋಡಲಿಲ್ಲ. ಹಿಂದಿನ ಚೀಟಿಯ ಮೇಲಿದ್ದ ಇಸವಿಯನ್ನು ನೋಡಿದ. "ಮೇಡಂ, ಓಲ್ಡ್ ಮಾಡೆಲ್. ಪಾರ್ಟ್ಸ್ ಬರಲ್ಲ. ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ," ಎಂದ. "ಏನು ಕೆಟ್ಟಿದೆಯಪ್ಪಾ?" ಎಂದು ಕೇಳಿದೆ. "ಸಾರ್ ಇಲ್ವಾ ಮನೇಲಿ?" ಎಂದು ಕೇಳಿದ. ಭೇಟಿಯ ಶುಲ್ಕವನ್ನು ಮಾತ್ರ ಮೇಡಮ್ಮಿನ ಕೈಯಿಂದಲೇ ತೆಗೆದುಕೊಂಡು ಹೋದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಿಚ್ಚಿ ನೋಡುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ಮಾರುವುದನ್ನು ಮಾತ್ರ ಕಲಿಸಿದ್ದಾರೆ. ವೈದ್ಯನ ಕೈಗೆ ಬರಿಯ ಮರಣಪತ್ರದ ಪುಸ್ತಕ ಕೊಟ್ಟು ಮನೆಮನೆಗೆ ಕಳಿಸಿದರೆ ಅವನು ತಾನೆ ಏನು ಮಾಡಿಯಾನು?

ರೋಗವನ್ನು ಕಂಡುಹಿಡಿದವಳು ನಮ್ಮ ಮನೆಗೆಲಸಕ್ಕೆ ಬರುವಾಕೆ. "ಅಮ್ಮಾ, ಅದು ಗೋಡೆ ಕಡೆ ಹಿಂದಿನ ಮೂಲೇಲಿ ಕುಂಟ್ತದೆ. ಅಲ್ಲಿ ಕೈಯಿಟ್ಟು ಅಮುಕಿದ್ರೆ ಸುಮ್ಕಾಗ್ತದೆ" ಎಂದಳು. ಯಂತ್ರದ ಪಕ್ಕದಲ್ಲಿ ದಿನವೂ ನಿಲ್ಲುವವಳು ಅವಳು. ಸದ್ದು ಅವಳ ಕಿವಿಗೆ ಗೊತ್ತು. ಅವಳ ಮಾತು ಹಿಡಿದು ನಾವಿಬ್ಬರೂ ಕ್ರಮವಾಗಿ ನೋಡುತ್ತ ಹೋದೆವು. ಆ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಹಳೆಯ ಯಂತ್ರವಿರುವ ಯಾವ ಮನೆಗಾದರೂ ಇದು ಸಲ್ಲುತ್ತದೆ.

ಮೊದಲನೆಯದು ಬಟ್ಟೆ. ಒಂದೇ ಒಂದು ದಪ್ಪ ರಗ್ಗನ್ನೋ ಜಮಖಾನವನ್ನೋ ಹಾಕಿದರೆ ಅದು ಒಂದು ಕಡೆಗೇ ಕೂರುತ್ತದೆ; ಜೊತೆಗೆ ನಾಲ್ಕು ಟವಲು ಹಾಕಿ ಸುತ್ತಲೂ ಹರಡಬೇಕು. ನೀರು ಇಳಿಯದ ರೇನ್‌ಕೋಟು, ರಬ್ಬರ್ ಹಾಳೆ ಇವುಗಳನ್ನು ಹಿಂಡಲು ಹಾಕಲೇಬಾರದು. ಅವುಗಳ ಮಡಿಕೆಯಲ್ಲಿ ನೀರು ನಿಂತು, ಪೂರ್ತಿ ವೇಗದಲ್ಲಿರುವಾಗ ತೂಕ ಥಟ್ಟನೆ ಒಂದು ಬದಿಗೆ ವಾಲುತ್ತದೆ.

ಎರಡನೆಯದು ನೆಲ. ಯಂತ್ರದ ಎದುರುಬದುರು ಮೂಲೆಗಳನ್ನು ಹಿಡಿದು ಅಲುಗಿಸಿ ನೋಡಿ. ಕುಂಟಿದರೆ ಕಾಲಿನ ಕೆಳಗೆ ರಟ್ಟು ತುರುಕಬೇಡಿ. ಕಾಲುಗಳು ತಿರುಪಿನವು, ತಿರುಗಿಸಿ ಎತ್ತರ ಇಳಿತ ಮಾಡಿ, ಗಾರೆಯವರ ರಸಮಟ್ಟವನ್ನು ಮೇಲಿಟ್ಟು ಎರಡು ದಿಕ್ಕಿಗೂ ಸರಿನೋಡಿ, ಕೊನೆಗೆ ಕಾಲಿನ ಮೇಲಿನ ನಟ್ಟನ್ನು ಸ್ಪ್ಯಾನರಿನಿಂದ ಬಿಗಿಯಬೇಕು. ಈ ನಟ್ಟನ್ನು ಬಿಗಿಯದೆ ಬಿಟ್ಟರೆ ಅದುರಾಟಕ್ಕೆ ಕಾಲು ತಾನಾಗಿ ತಿರುಗಿ ಮತ್ತೆ ಕುಂಟುತ್ತದೆ.

ಮೂರನೆಯದು ಖಾಲಿ ಪರೀಕ್ಷೆ. ಬಟ್ಟೆಯಿಲ್ಲದೆ ಟಬ್ಬನ್ನು ತಿರುಗಿಸಿ. ಖಾಲಿಯಿದ್ದಾಗಲೂ ಹೊಯ್ದಾಡಿದರೆ ಉಪ್ಪುನೀರಿನ ಉಂಗುರ ಸೀಳಿರಬಹುದು, ಇಲ್ಲವೆ ಬೇರಿಂಗು ಸವೆದಿರಬಹುದು. ಖಾಲಿಯಿದ್ದಾಗ ಸುಮ್ಮನಿದ್ದು ಬಟ್ಟೆ ಹಾಕಿದಾಗ ಬಡಿದರೆ ಕಡ್ಡಿಗಳನ್ನು ಅನುಮಾನಿಸಿ. ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತು, ಟಬ್ಬಿನ ಒಂದೊಂದು ಮೂಲೆಯನ್ನೂ ಕೆಳಕ್ಕೆ ಅಮುಕಿ ಬಿಡಿ. ಕಡ್ಡಿ ಸರಿಯಿದ್ದರೆ ಟಬ್ಬು ಮೇಲೆ ಬಂದು ನಿಲ್ಲುತ್ತದೆ. ಸವೆದಿದ್ದರೆ ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತದೆ. ನಮ್ಮಲ್ಲಿ ಆಡಿದ್ದು ಗೋಡೆಯ ಕಡೆಯ ಹಿಂದಿನ ಮೂಲೆಯೇ.

"ಪಾರ್ಟ್ಸ್ ಬರಲ್ಲ" ಎಂದಿದ್ದ ಆ ಕಡ್ಡಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ತೂಗುತ್ತಿದ್ದುವು. ಹಳೆಯ ಕಡ್ಡಿಯನ್ನು ಒಯ್ದು, ಉದ್ದವನ್ನೂ ಸ್ಪ್ರಿಂಗಿನ ದಪ್ಪವನ್ನೂ ಹೋಲಿಸಿ ತಂದೆ. ನಾಲ್ಕಕ್ಕೂ ಸೇರಿ ಕೊಟ್ಟ ಹಣ ಆ ತರುಣನ ಭೇಟಿಯ ಶುಲ್ಕದ ಎರಡರಷ್ಟೂ ಆಗಲಿಲ್ಲ. ಒಂದನ್ನೇ ಬದಲಿಸಿದರೆ ಹೊಸದು ಒಂದು ಕಡೆ, ಹಳೆಯವು ಮೂರು ಕಡೆ ಎಂದು ತೊಟ್ಟಿಲು ಮತ್ತೆ ವಾಲುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಲೇಸು. ಕೆಲವು ಯಂತ್ರಗಳಲ್ಲಿ ಮುಂದಿನ ಹಿಂದಿನ ಸ್ಪ್ರಿಂಗುಗಳ ಬಿಗುವು ಬೇರೆಬೇರೆಯಾಗಿರುತ್ತದೆ. ಯಾವುದು ಯಾವ ಮೂಲೆಯದೆಂದು ಗುರುತು ಹಾಕಿಕೊಂಡೇ ತೆಗೆಯಬೇಕು. ಒಬ್ಬರು ಟಬ್ಬನ್ನು ಕೊಂಚ ಎತ್ತಿ ಹಿಡಿದರೆ ಇನ್ನೊಬ್ಬರು ಕಡ್ಡಿಯ ತಲೆಯನ್ನು ಗೂಡಿನಿಂದ ಬಿಡಿಸಬಹುದು. ಒಂದು ಮಧ್ಯಾಹ್ನ ಸಾಕಾಯಿತು.

ಇದಕ್ಕೆ ಆಕ್ಷೇಪಗಳಿವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ.

ಇದು ಅಪಾಯದ ಕೆಲಸ ಎನ್ನುವವರುಂಟು. ಮೋಟಾರು, ತಂತಿ, ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಡಬಲ್ಲ ಕೆಪಾಸಿಟರು, ಇವುಗಳ ಗೋಜಿಗೆ ಗೊತ್ತಿಲ್ಲದವರು ಹೋಗಬಾರದು. ಅದಕ್ಕೆ ಬಲ್ಲ ಎಲೆಕ್ಟ್ರಿಷಿಯನ್ನನನ್ನೇ ಕರೆಯಬೇಕು. ಆದರೆ ಅದುರುವ ಯಂತ್ರವನ್ನು ಅದುರುತ್ತಲೇ ಬಿಡುವುದು ಇನ್ನೂ ದೊಡ್ಡ ಅಪಾಯ. ಒಳಗಿನ ತಂತಿಗಳು ತಿಕ್ಕಿ ತಿಕ್ಕಿ ಸವೆಯುತ್ತವೆ. ಹೊಸ ಯಂತ್ರ ತಂದರೆ ಈ ಭಯವಿಲ್ಲವೆನ್ನುವ ಹಾಗೂ ಇಲ್ಲ. 2016ರಲ್ಲಿ ಅಮೆರಿಕದಲ್ಲಿ ಒಂದು ಬಹು ದೊಡ್ಡ ಕಂಪನಿ ಸುಮಾರು 28 ಲಕ್ಷ ಒಗೆಯುವ ಯಂತ್ರಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟು ಹಿಂದೆಗೆಯಬೇಕಾಯಿತು. ಹಿಂಡುವಾಗಿನ ಅದುರಾಟಕ್ಕೆ ಅವುಗಳ ಮೇಲ್ಮೈ ಕಳಚಿ ಹಾರುವ ಅಪಾಯವಿತ್ತು. ಅವು ಅಜ್ಜಿಯ ಕಾಲದ ಯಂತ್ರಗಳಲ್ಲ, 2011ರಿಂದೀಚೆಗೆ ಮಾರಿದವು. ಅದಕ್ಕೆ ಕಂಪನಿ ಸೂಚಿಸಿದ ಪರಿಹಾರಗಳಲ್ಲಿ ಒಂದು ಯಾವುದು ಗೊತ್ತೆ? ಮನೆಗೇ ಬಂದು ರಿಪೇರಿ ಮಾಡಿಕೊಡುವುದು!

ಹೊಸ ಯಂತ್ರ ನೀರನ್ನು ಉಳಿಸುತ್ತದೆ ಎಂಬುದು ಇನ್ನೊಂದು ಮಾತು. ಇದರಲ್ಲಿ ಸತ್ಯವಿದೆ. ಮುಂದಿನಿಂದ ಬಟ್ಟೆ ತುಂಬುವ ಯಂತ್ರ ಹಳೆಯದಕ್ಕಿಂತ ಬಹಳ ಕಡಿಮೆ ನೀರು ಕುಡಿಯುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದ್ದನ್ನು ಕಂಡವರು ಈ ಮಾತನ್ನು ತಳ್ಳಿಹಾಕಲಾರರು. ನೀರಿನ ಲೆಕ್ಕ ಹಾಕಿ ಯಂತ್ರ ಬದಲಿಸುವವರ ಮೇಲೆ ನನ್ನ ತಕರಾರಿಲ್ಲ. ಒಂದು ಸ್ಪ್ರಿಂಗು ಸಡಿಲವಾಯಿತೆಂದು ಯಂತ್ರವನ್ನೇ ಬಿಸಾಡಿ, ಆಮೇಲೆ ನೀರಿನ ಹೆಸರು ಹೇಳುವವರ ಮೇಲೆ ಮಾತ್ರ ತಕರಾರು. ಅವರ ಮನೆಯ ಹಳೆಯ ಯಂತ್ರದ ಕೊನೆಯ ಜಾಲಿಸಿದ ನೀರು ಯಾವತ್ತಾದರೂ ಬಕೆಟ್ಟಿಗೆ ಬಿದ್ದು ಅಂಗಳ ತೊಳೆದಿದ್ದರೆ ಅವರ ಮಾತನ್ನು ನಂಬುತ್ತಿದ್ದೆ.

ಬಿಸಾಡಿದ್ದೆಲ್ಲ ಕರಗಿ ಮತ್ತೆ ಬಳಕೆಗೆ ಬರುತ್ತದಲ್ಲ ಎಂದು ಸಮಾಧಾನ ಹೇಳುವವರೂ ಇದ್ದಾರೆ. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು 2022ರಲ್ಲಿ ಹೊಸದಾಗಿ ಬಂದು 2023ರ ಏಪ್ರಿಲ್ 1ರಿಂದ ಜಾರಿಯಾದುವು; ಒಗೆಯುವ ಯಂತ್ರವೂ ಅವುಗಳ ಪಟ್ಟಿಯಲ್ಲಿದೆ. ತಯಾರಕರು ಇಂತಿಷ್ಟು ತ್ಯಾಜ್ಯವನ್ನು ಮರುಬಳಕೆಗೆ ಒಯ್ಯಬೇಕೆಂದು ಅವು ವಿಧಿಸುತ್ತವೆ. ಒಳ್ಳೆಯದೇ. ಆದರೆ ಸತ್ತ ಯಂತ್ರಗಳನ್ನು ಲೆಕ್ಕ ಮಾಡಿ ಒಪ್ಪಿಸುವವನಿಗೆ ಸಿಗುವ ಮನ್ನಣೆ, ಯಂತ್ರ ಸಾಯದಂತೆ ನೋಡಿಕೊಂಡವನಿಗೆ ಯಾವ ಲೆಕ್ಕಪುಸ್ತಕದಲ್ಲಿ ಸಿಗುತ್ತದೆ? ಒಂದು ಸ್ಪ್ರಿಂಗಿಗಾಗಿ ಇಡೀ ಪೆಟ್ಟಿಗೆಯ ಉಕ್ಕನ್ನೂ ಪ್ಲಾಸ್ಟಿಕ್ಕನ್ನೂ ತಾಮ್ರವನ್ನೂ ಒಡೆದು ಕರಗಿಸುವುದು, ಗುಂಡಿ ಕಿತ್ತುಹೋಯಿತೆಂದು ಅಂಗಿಯನ್ನು ನೂಲಾಗಿ ಬಿಚ್ಚಿದ ಹಾಗೆ.

ಬೇರೆ ದೇಶಗಳು ಈ ಮರ್ಮವನ್ನು ಅರಿತುಕೊಂಡಿವೆ. ಯೂರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿಯಿಂದ ಜಾರಿಯಾದ ನಿಯಮದಂತೆ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಅದರ ಬಿಡಿಭಾಗಗಳು ದೊರೆಯಬೇಕು. ಕೇಳಿದ 15 ಕೆಲಸದ ದಿನಗಳೊಳಗೆ ತಲಪಬೇಕು. ದುರಸ್ತಿಗಾರರಿಗೆ ಒದಗಿಸಬೇಕಾದ ಭಾಗಗಳ ಪಟ್ಟಿಯಲ್ಲಿ ಸ್ಪ್ರಿಂಗು ಮತ್ತು ಅದುರುತಡೆಗಳನ್ನು ಹೆಸರಿಟ್ಟು ಬರೆದಿದ್ದಾರೆ. ಫ್ರಾನ್ಸು ಅದೇ ವರ್ಷದ ಜನವರಿಯಲ್ಲಿ, ಯಂತ್ರವನ್ನು ರಿಪೇರಿ ಮಾಡುವುದು ಎಷ್ಟು ಸುಲಭವೆಂದು ಹತ್ತಕ್ಕೆ ಇಷ್ಟೆಂದು ಅಂಕ ಹಾಕಿ ಅಂಗಡಿಯಲ್ಲೇ ತೋರಿಸಬೇಕೆಂದು ವಿಧಿಸಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಆರಂಭಕ್ಕೆ ಇದು ಸರಿಯೆ. ಆದರೆ ಜಾಲತಾಣ ಕಾನೂನಲ್ಲ. ಊಟದ ಪಟ್ಟಿಯನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಎಲೆಗೆ ಅನ್ನ ಬೀಳುವುದಿಲ್ಲ.

ಸರಕಾರವನ್ನೂ ಕಂಪನಿಯನ್ನೂ ಬೈದರೆ ನಮ್ಮ ಪಾಲಿನ ತಪ್ಪು ತೀರಿದಂತಾಯಿತೆ? ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಸ್ಕ್ರೂಡ್ರೈವರು ಹಿಡಿಯುವುದು ಇನ್ನೂ ಕೀಳು ಕೆಲಸ. ಮಗ ಎಂಜಿನಿಯರು, ಆದರೆ ಮನೆಯ ನಲ್ಲಿ ತೊಟ್ಟಿಕ್ಕಿದರೆ ಯಾರನ್ನಾದರೂ ಕರೆಯಬೇಕು. ಆಯುಧಪೂಜೆಯ ದಿನ ಒಗೆಯುವ ಯಂತ್ರಕ್ಕೂ ಕುಂಕುಮವಿಟ್ಟು, ಚೆಂಡುಹೂ ಮುಡಿಸಿ, ಆರತಿ ಎತ್ತುತ್ತೇವೆ. ಅದರ ಹೊಟ್ಟೆಯಲ್ಲಿ ಏನಿದೆಯೆಂದು ಕೇಳಿದರೆ ಪೂಜೆ ಮಾಡಿದವರಿಗೂ ಗೊತ್ತಿಲ್ಲ, ಪ್ರಸಾದ ತಿಂದವರಿಗೂ ಗೊತ್ತಿಲ್ಲ. ಆಯುಧಕ್ಕೆ ಸಲ್ಲಬೇಕಾದ ನಿಜವಾದ ಪೂಜೆ ಅದನ್ನು ಒರಸಿ, ಎಣ್ಣೆ ಬಿಟ್ಟು, ಸಡಿಲವಾದದ್ದನ್ನು ಬಿಗಿಯುವುದು. ಕುಂಕುಮ ಆಮೇಲಿನ ಮಾತು. ಅದರಲ್ಲೂ ಯಂತ್ರವನ್ನು ದಿನವೂ ಬಳಸುವವರು ಹೆಂಗಸರು. ಅದರ ವಿಷಯ ಕೇಳುವಾಗ ಮಾತ್ರ "ಸಾರ್" ಬೇಕು. ಸದ್ದು ಕೇಳಿ ಮೂಲೆ ಹೇಳಿದ ನಮ್ಮ ಮನೆಗೆಲಸದಾಕೆಗೆ ಒಂದು ಸ್ಪ್ಯಾನರನ್ನು ಇಷ್ಟು ವರ್ಷ ಯಾರೂ ಕೊಟ್ಟಿರಲಿಲ್ಲ. ಅರಿವು ಒಬ್ಬರ ಬಳಿ, ಹತಾರ ಇನ್ನೊಬ್ಬರ ಬಳಿ, ಹಣ ಮತ್ತೊಬ್ಬರ ಬಳಿ ಇರುವ ಮನೆಯಲ್ಲಿ ಯಂತ್ರವೊಂದೇ ಅಲ್ಲ, ಎಲ್ಲವೂ ತೂಕ ತಪ್ಪುತ್ತದೆ.

ಆದ್ದರಿಂದ ನಾನು ಕೇಳುವುದು ನಾಲ್ಕೇ ಮಾತು. ಯಂತ್ರದ ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಪೆಟ್ಟಿಗೆಯ ಮೇಲೆ ಅಚ್ಚುಹಾಕಲಿ. ಅದುರಿದರೆ ಏನು ನೋಡಬೇಕು, ಕಡ್ಡಿಯನ್ನು ಹೇಗೆ ಬದಲಿಸಬೇಕು ಎಂಬ ಕೈಪಿಡಿಯನ್ನು ಚಿತ್ರಸಹಿತವಾಗಿ ಕನ್ನಡದಲ್ಲಿ ಕೊಡಲಿ. ಮನೆ ಕಟ್ಟುವವರು ನೀರಿಗೆ ಇಳಿಜಾರು ಕೊಡುವಾಗ ಯಂತ್ರಕ್ಕೆಂದು ಎರಡಡಿ ಚದರದ ಒಂದು ಮಟ್ಟವಾದ ಕಟ್ಟೆ ಕಟ್ಟಲಿ. ಅದಕ್ಕೆ ಬೇಕಾಗುವುದು ಅರ್ಧ ಬಾಂಡ್ಲಿ ಗಾರೆ. ಕೊನೆಯದಾಗಿ, ಗೃಹಿಣಿಯರೂ ಗೃಹಸ್ಥರೂ ಹೊಸ ಯಂತ್ರದ ಅಂಗಡಿಗೆ ಹೋಗುವ ಮೊದಲು ಒಂದು ಸ್ಪ್ಯಾನರನ್ನೂ ಒಂದು ರಸಮಟ್ಟವನ್ನೂ ಕೊಳ್ಳಲಿ. ಅವೆರಡರಿಂದ ಸರಿಯಾಗದಿದ್ದರೆ ಗುಜರಿಯವನು ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆಯೂ ಬೀದಿಯಲ್ಲಿ ಕೂಗುತ್ತ ಬಂದೇ ಬರುತ್ತಾನೆ.